ನಿರೋಧಕ ತಳಿ: ಯಾವ ತುಕ್ಕಿಗೆ, ಎಷ್ಟು ಕಾಲ?

ಬೀಜದ ಚೀಲದ ಮೇಲೆ, ಕೃಷಿ ಇಲಾಖೆಯ ಕರಪತ್ರದಲ್ಲಿ, ಕೃಷಿಮೇಳದ ಫಲಕದಲ್ಲಿ ಗೋಧಿ ತಳಿಯ ಹೆಸರಿನ ಪಕ್ಕ ‘ತುಕ್ಕು ರೋಗ ನಿರೋಧಕ’ ಎಂಬ ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇಳುವರಿ ಎಷ್ಟು ಕ್ವಿಂಟಲ್, ಎಷ್ಟು ದಿನಕ್ಕೆ ಕೊಯ್ಲು, ಕಾಳಿನ ಬಣ್ಣ ಯಾವುದು ಎಂಬ ವಿವರಗಳ ಸಾಲಿನಲ್ಲೇ ಇದೂ ಕೂತಿರುತ್ತದೆ. ಆದರೆ ಇದು ಆ ಸಾಲಿಗೆ ಸೇರುವ ಗುಣವಲ್ಲ. ಕಾಳಿನ ಬಣ್ಣ ಇಪ್ಪತ್ತು ವರ್ಷ ಕಳೆದರೂ ಅದೇ ಇರುತ್ತದೆ. ನಿರೋಧಕ ಗುಣ ಮಾತ್ರ ಬೀಜದಲ್ಲಿ ಏನೊಂದೂ ಬದಲಾಗದೆ, ಬೆಳೆದವನ ಕೈಯಿಂದ ಏನೊಂದೂ ತಪ್ಪಾಗದೆ, ಒಂದು ಹಂಗಾಮಿನಲ್ಲಿ ಇಲ್ಲವಾಗಿಬಿಡಬಹುದು. ಗೋಧಿ ಇದ್ದ ಹಾಗೇ ಇರುತ್ತದೆ, ಬದಲಾಗಿರುವುದು ತುಕ್ಕು.

ನಿರೋಧಕ ಶಕ್ತಿಯನ್ನು ತಳಿಯ ಸ್ವಂತ ಆಸ್ತಿ ಎಂದು ಲೆಕ್ಕ ಹಾಕುವುದೇ ತಪ್ಪು ಎನ್ನುವುದು ನನ್ನ ವಾದ. ಅದು ಒಂದು ತಳಿಗೂ, ಆ ಹೊತ್ತಿನಲ್ಲಿ ಗಾಳಿಯಲ್ಲಿರುವ ಶಿಲೀಂಧ್ರದ ಪಂಗಡಗಳಿಗೂ ನಡುವೆ ಇರುವ ಸಂಬಂಧ. ಬಳಸಿದಷ್ಟೂ ಸವೆಯುತ್ತದೆ, ಒಬ್ಬರು ಬೇಕಾಬಿಟ್ಟಿ ಬಳಸಿದರೆ ಎಲ್ಲರ ಪಾಲಿಗೂ ಸವೆಯುತ್ತದೆ. ಊರ ಕೆರೆಯ ನೀರನ್ನು ಯಾರ ಗದ್ದೆಗೆ ಎಷ್ಟು ಹೊತ್ತು ಹಾಯಿಸಬೇಕು ಎಂದು ನೋಡಿಕೊಳ್ಳಲು ನೀರಗಂಟಿ ಇರುತ್ತಿದ್ದ. ನಿರೋಧಕ ಜೀನ್‌ಗಳ ವಿಷಯದಲ್ಲಿ ಅಂಥ ನೀರಗಂಟಿಯನ್ನು ನಾವಿನ್ನೂ ನೇಮಿಸಿಲ್ಲ.

ಗೋಧಿಗೆ ಮೂರು ಬಗೆಯ ತುಕ್ಕು ಬರುತ್ತದೆ: ಕಾಂಡದ ಕಪ್ಪು ತುಕ್ಕು, ಎಲೆಯ ಕಂದು ತುಕ್ಕು, ತಂಪು ಸೀಮೆಯ ಹಳದಿ ತುಕ್ಕು. ತುಕ್ಕನ್ನು ಉತ್ತರ ಕರ್ನಾಟಕದಲ್ಲಿ ಭಂಡಾರ ರೋಗ ಎಂದೂ ಕರೆಯುತ್ತಾರೆ. ಮೂರರಲ್ಲಿ ಹೆಚ್ಚು ಭಯ ಹುಟ್ಟಿಸಿದ್ದು ಕಾಂಡದ ತುಕ್ಕು, ಪಕ್ಸೀನಿಯ ಗ್ರಾಮಿನಿಸ್. ಕಾಳು ಹಾಲುಗಟ್ಟುವ ಹೊತ್ತಿಗೆ ಕಾಂಡದ ಸಿಪ್ಪೆ ಉದ್ದುದ್ದಕ್ಕೆ ಸೀಳಿ ಇಟ್ಟಿಗೆ ಬಣ್ಣದ ಪುಡಿ ಹೊರಬೀಳುತ್ತದೆ. ಬೆರಳಾಡಿಸಿದರೆ ಬೆರಳು ಕೆಂಪಾಗುತ್ತದೆ. ಹೊಲ ಹಾಯ್ದು ಬಂದವರ ಬಟ್ಟೆಯೂ ಕೆಂಪಾಗುತ್ತದೆ. ಕಾಳಿಗೆ ಹೋಗಬೇಕಾದ ಸಾರ ಶಿಲೀಂಧ್ರಕ್ಕೆ ಹೋಗಿ, ಕಾಂಡ ಬಲಗುಂದಿ ಪೈರು ಮಲಗುತ್ತದೆ, ಕಾಳು ಮುರುಟಿ ಜೊಳ್ಳಾಗುತ್ತದೆ. ಒಂದೇ ಬೊಕ್ಕೆ ದಿನಕ್ಕೆ ಹತ್ತು ಸಾವಿರದಷ್ಟು ಬೀಜಾಣುಗಳನ್ನು ಗಾಳಿಗೆ ಬಿಡಬಲ್ಲದು. ಹೊಸ ಗಿಡದ ಮೇಲೆ ಬಿದ್ದ ಬೀಜಾಣು ಬೆಚ್ಚನೆಯ ಹವೆಯಲ್ಲಿ ಒಂದೆರಡು ವಾರದೊಳಗೆ ತನ್ನದೇ ಬೊಕ್ಕೆ ಕಟ್ಟುತ್ತದೆ. ಈ ಲೆಕ್ಕವನ್ನು ಲಕ್ಷಾಂತರ ಹೆಕ್ಟೇರಿಗೆ ಹಿಗ್ಗಿಸಿದರೆ ಒಂದು ಹಂಗಾಮಿನಲ್ಲಿ ಹುಟ್ಟುವ ಬೀಜಾಣುಗಳ ಸಂಖ್ಯೆ ಎಣಿಕೆಗೆ ನಿಲ್ಲುವುದಿಲ್ಲ. ಕೋಟಿಗೊಂದರಲ್ಲಿ ಆಗುವ ಅಪರೂಪದ ಬದಲಾವಣೆಯೂ ಅಲ್ಲಿ ದಿನನಿತ್ಯದ ಘಟನೆ.

ಹೊರನೋಟಕ್ಕೆ ಒಂದೇ ಆಗಿರುವ ಈ ಶಿಲೀಂಧ್ರದೊಳಗೆ ಭಿನ್ನ ಸ್ವಭಾವದ ಗುಂಪುಗಳಿವೆ ಎಂಬುದು ಹಂತಹಂತವಾಗಿ ತಿಳಿದದ್ದು. 1894ರಲ್ಲಿ ಸ್ವೀಡನ್ನಿನ ಯಾಕೋಬ್ ಎರಿಕ್ಸನ್, ಗೋಧಿಯ ಮೇಲಿನ ತುಕ್ಕು ಓಟ್ಸ್‌ಗೆ ಹತ್ತುವುದಿಲ್ಲ, ಓಟ್ಸ್‌ನದು ಗೋಧಿಗೆ ಹತ್ತುವುದಿಲ್ಲ ಎಂದು ತೋರಿಸಿದ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಎಲ್ವಿನ್ ಸ್ಟಾಕ್‌ಮನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಸಿರು ಕ್ರಾಂತಿಯ ನಾರ್ಮನ್ ಬೋರ್ಲಾಗ್‌ಗೆ ಗುರುವಾಗಿದ್ದವರು ಇವರು. ಗೋಧಿಗೆ ಹತ್ತುವ ತುಕ್ಕಿನಲ್ಲೇ ಬೇರೆ ಬೇರೆ ಪಂಗಡಗಳಿವೆ, ಒಂದು ಪಂಗಡ ಮಲಗಿಸುವ ತಳಿಯ ಮುಂದೆ ಇನ್ನೊಂದು ಪಂಗಡ ಸೋಲುತ್ತದೆ ಎಂದು 1917ರಿಂದಾಚೆಗೆ ಅವರೂ ಅವರ ಸಂಗಡಿಗರೂ ಸಾಬೀತುಮಾಡಿದರು. ವಿಜ್ಞಾನಿಗಳು ‘ರೇಸ್’ ಎಂದು ಕರೆಯುವುದು ಈ ಪಂಗಡಗಳನ್ನೇ. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಒಂದೇ ತೆರ. ಅವನ್ನು ಬೇರ್ಪಡಿಸಿ ತೋರಿಸಬಲ್ಲದ್ದು ಗೋಧಿಯ ಸಸಿ ಮಾತ್ರ.

ಆ ಪರೀಕ್ಷೆ ನಡೆಯುವ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ಹೊಲದಿಂದ ತಂದ ಒಂದು ಬೊಕ್ಕೆಯ ಪುಡಿಯನ್ನು ಬೇರೆಯದರೊಂದಿಗೆ ಬೆರೆಯದಂತೆ ಬೆಳೆಸಿಕೊಳ್ಳುತ್ತಾರೆ. ಚಿಕ್ಕ ಕುಂಡಗಳಲ್ಲಿ ಗೊತ್ತುಮಾಡಿದ ತಳಿಗಳ ಸಸಿಗಳು ಮೊದಲ ಎಲೆ ಬಿಚ್ಚಿ ನಿಂತಿರುತ್ತವೆ. ಪುಡಿಯನ್ನು ಹಗುರವಾದ ಎಣ್ಣೆಯಲ್ಲಿ ಕದಡಿ ಸಿಂಪಡಿಸಿ, ಎಲೆಯ ಮೇಲೆ ಇಬ್ಬನಿ ನಿಲ್ಲುವಂಥ ತೇವದ ಕೋಣೆಯಲ್ಲಿ ಒಂದು ರಾತ್ರಿ ಇಟ್ಟು, ಗಾಜಿನ ಮನೆಗೆ ಸಾಗಿಸುತ್ತಾರೆ. ಹನ್ನೆರಡರಿಂದ ಹದಿನಾಲ್ಕು ದಿನಕ್ಕೆ ಎಲೆಗಳನ್ನು ಒಂದೊಂದಾಗಿ ಓದುತ್ತಾರೆ. ಒಂದು ತಳಿಯ ಎಲೆ ಏನೂ ಆಗದಂತೆ ಹಸಿರಾಗಿದೆ, ಅಥವಾ ಸೂಜಿಮೊನೆಯಷ್ಟು ಸತ್ತ ಚುಕ್ಕೆಗಳಿವೆ; ಅದಕ್ಕೆ ಸೊನ್ನೆ. ಇನ್ನೊಂದರಲ್ಲಿ ಪುಟ್ಟ ಬೊಕ್ಕೆ, ಸುತ್ತ ಹಸಿರು ದ್ವೀಪ, ಅದರಾಚೆ ಹಳದಿ ಉಂಗುರ, ಅದಕ್ಕೆ ಎರಡು. ಮತ್ತೊಂದರಲ್ಲಿ ದಪ್ಪ ಬೊಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಉದುರುತ್ತಿವೆ, ಅದಕ್ಕೆ ನಾಲ್ಕು. ಎರಡರವರೆಗೆ ತಳಿ ಗೆದ್ದಂತೆ, ಮೂರು ನಾಲ್ಕು ಬಂದರೆ ಶಿಲೀಂಧ್ರ ಗೆದ್ದಂತೆ. ಈ ಗೆಲುವು ಸೋಲುಗಳ ಪಟ್ಟಿಯೇ ಆ ಪಂಗಡದ ಗುರುತುಪತ್ರ.

ಸ್ಟಾಕ್‌ಮನ್ ಬಳಗ ಇದಕ್ಕೆ ಹನ್ನೆರಡು ತಳಿಗಳನ್ನು ಆರಿಸಿಕೊಂಡಿತ್ತು. ಅವುಗಳಲ್ಲಿ ಒಂದರ ಹೆಸರು ಖಪ್ಲಿ. ಭಾರತದಿಂದ ಹೋದದ್ದು, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಸದಕ ಎಂದು ಬಿತ್ತುವ ಸಿಪ್ಪೆಗೋಧಿಯ ಬಳಗದ್ದು. ಈಗ ಕಾಂಡದ ತುಕ್ಕನ್ನು ಅಳೆಯಲು ಅಂತರರಾಷ್ಟ್ರೀಯವಾಗಿ ಇಪ್ಪತ್ತು ಸಾಲುಗಳನ್ನು ಬಳಸುತ್ತಾರೆ. ಹೆಚ್ಚುಕಡಿಮೆ ಒಂದೊಂದು ಸಾಲಿನಲ್ಲೂ ಒಂದೊಂದು ನಿರೋಧಕ ಜೀನ್. ನಾಲ್ಕು ಸಾಲಿಗೆ ಒಂದು ಅಕ್ಷರದಂತೆ ಐದು ಅಕ್ಷರದ ಹೆಸರು ಹುಟ್ಟುತ್ತದೆ. ಇಪ್ಪತ್ತು ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರ ಬಂದರೆ ಸಾಧ್ಯವಿರುವ ಪಂಗಡಗಳ ಸಂಖ್ಯೆ 10,48,576. ಇಪ್ಪತ್ತೊಂದನೆಯ ಪ್ರಶ್ನೆ ಸೇರಿಸಿದರೆ ಅದು ಇಮ್ಮಡಿ. ಇಲ್ಲಿ ಎಚ್ಚರ ಬೇಕು. ಪಂಗಡ ಎನ್ನುವುದು ನಾವು ಕೇಳಿದ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳ ಕಟ್ಟು. ಶಿಲೀಂಧ್ರದ ಪೂರ್ತಿ ಚರಿತ್ರೆಯಲ್ಲ. ನಾವು ಕೇಳದ ಪ್ರಶ್ನೆಗೆ ಅದರಲ್ಲಿ ಈಗಾಗಲೇ ಉತ್ತರ ಸಿದ್ಧವಿರಬಹುದು. ಗುರುತಿನ ಪಟ್ಟಿಯಲ್ಲಿ ಒಂದೇ ಎನಿಸಿಕೊಂಡ ಎರಡು ಮಾದರಿಗಳು ವಂಶದಲ್ಲಿ ದೂರದವಾಗಿರಬಹುದು.

ಗೆಲುವು ಸೋಲಿನ ಒಳಗುಟ್ಟನ್ನು ಬಿಡಿಸಿದ್ದು ಉತ್ತರ ಡಕೋಟದಲ್ಲಿ ಅಗಸೆಯ ತುಕ್ಕಿನ ಮೇಲೆ ಕೆಲಸ ಮಾಡುತ್ತಿದ್ದ ಹೆರಾಲ್ಡ್ ಫ್ಲಾರ್. ಸಸ್ಯದ ಪ್ರತಿ ನಿರೋಧಕ ಜೀನಿಗೂ ಎದುರಾಗಿ ಶಿಲೀಂಧ್ರದಲ್ಲಿ ಒಂದು ಜೀನ್ ಇರುತ್ತದೆ ಎಂದು 1940ರ ದಶಕದಲ್ಲಿ ಅವರು ತೋರಿಸಿದರು. ಇಂದಿನ ತಿಳಿವಳಿಕೆಯಲ್ಲಿ ಹೇಳುವುದಾದರೆ, ಶಿಲೀಂಧ್ರ ಗಿಡದ ಜೀವಕೋಶದೊಳಗೆ ತನ್ನ ಕೆಲವು ಪ್ರೋಟೀನುಗಳನ್ನು ನುಗ್ಗಿಸುತ್ತದೆ. ಗಿಡದಲ್ಲಿ ಅವುಗಳಲ್ಲೊಂದನ್ನು ಗುರುತು ಹಿಡಿಯುವ ಪ್ರೋಟೀನ್ ಇದ್ದರೆ ಆ ಕೋಶ ಕೂಡಲೇ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಬದುಕಿರುವ ಕೋಶದಿಂದ ಮಾತ್ರ ಉಣ್ಣಬಲ್ಲ ತುಕ್ಕು ಅಲ್ಲೇ ಉಪವಾಸ ಬಿದ್ದು ಸಾಯುತ್ತದೆ. ಎಲೆಯ ಮೇಲಿನ ಸೂಜಿಮೊನೆ ಚುಕ್ಕೆ ಎಂದರೆ ಇದೇ. ಆದ್ದರಿಂದ ಹೊಸ ಪಂಗಡ ಹುಟ್ಟುವುದಕ್ಕೆ ಶಿಲೀಂಧ್ರ ಹೊಸದೇನನ್ನೋ ಗಳಿಸಲೇಬೇಕು ಎಂದೇನಿಲ್ಲ. ಸಿಕ್ಕಿಬೀಳಿಸುವ ಆ ಒಂದು ಪ್ರೋಟೀನನ್ನು ಕಳೆದುಕೊಂಡರೆ ಅಥವಾ ತುಸು ಮಾರ್ಪಡಿಸಿಕೊಂಡರೆ ಸಾಕು. 2017ರಲ್ಲಿ ಎಸ್‌ಆರ್35 ಎಂಬ ಗೋಧಿ ಜೀನ್ ಗುರುತಿಸುವ ಶಿಲೀಂಧ್ರದ ಜೀನನ್ನು ಪತ್ತೆಮಾಡಿದಾಗ ಇದು ಕಣ್ಣೆದುರಿಗೇ ಬಂತು: ಎಸ್‌ಆರ್35 ಅನ್ನು ಸೋಲಿಸುವ ಮಾದರಿಗಳಲ್ಲಿ ಆ ಜೀನಿನ ನಡುವೆ ಒಂದು ಅಲೆಮಾರಿ ಡಿಎನ್‌ಎ ತುಣುಕು ಬಂದು ಕೂತು ಅದನ್ನು ನಿಷ್ಕ್ರಿಯಗೊಳಿಸಿತ್ತು.

ತುಕ್ಕಿನ ಬೀಜಾಣುವಿನಲ್ಲಿ ಎರಡು ಕೋಶಕೇಂದ್ರಗಳು ಜೊತೆಗೆ, ಆದರೆ ಬೆರೆಯದೆ ಇರುತ್ತವೆ. ಸಿಕ್ಕಿಬೀಳಿಸುವ ಜೀನಿನ ಒಂದು ಪ್ರತಿ ಕೆಟ್ಟರೂ ಇನ್ನೊಂದು ಪ್ರತಿ ಅದನ್ನು ಹಿಡಿದುಕೊಡುತ್ತದೆ. ಎರಡೂ ಕೆಡುವುದು ಅಪರೂಪ. ಆದರೆ ಒಂದು ಕೆಟ್ಟ ಪ್ರತಿಯನ್ನು ಸದ್ದಿಲ್ಲದೆ ಹೊತ್ತಿರುವ ಶಿಲೀಂಧ್ರ ಅಪರೂಪವಲ್ಲ; ಅದಕ್ಕೆ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಜೊತೆಗೆ ಬೆರಕೆಯ ದಾರಿಗಳೂ ಇವೆ. ಬಾರ್ಬೆರಿ ಪೊದೆಯ ಮೇಲೆ ಈ ಶಿಲೀಂಧ್ರದ ಲೈಂಗಿಕ ಹಂತ ನಡೆಯುತ್ತದೆ ಎಂದು ಕೆನಡಾದ ಕ್ರೇಗಿ 1927ರಲ್ಲಿ ತೋರಿಸಿದರು. ಅಮೆರಿಕ 1918ರಲ್ಲೇ ಬಾರ್ಬೆರಿ ಕಿತ್ತುಹಾಕುವ ದೊಡ್ಡ ಕಾರ್ಯಕ್ರಮ ಹಿಡಿದಿತ್ತು. ಅದರಿಂದ ರೋಗದ ಮೊದಲ ಸೋಂಕು ತಗ್ಗಿದ್ದಷ್ಟೇ ಅಲ್ಲ, ಹೊಸ ಪಂಗಡಗಳು ಹುಟ್ಟುವುದೂ ಕಡಿಮೆಯಾಯಿತು. ಪೊದೆ ಇಲ್ಲದಿದ್ದರೂ ಇನ್ನೊಂದು ದಾರಿ ತೆರೆದಿದೆ: ಒಂದೇ ಎಲೆಯಲ್ಲಿ ಎದುರಾದ ಎರಡು ಪಂಗಡಗಳು ಕೋಶಕೇಂದ್ರಗಳನ್ನೇ ಅದಲುಬದಲು ಮಾಡಿಕೊಳ್ಳುವುದು. ಇದನ್ನು ಬಹುಕಾಲ ಪ್ರಯೋಗಶಾಲೆಯ ಕುತೂಹಲವೆಂದೇ ಭಾವಿಸಲಾಗಿತ್ತು. 2019ರಲ್ಲಿ ಜೀನೋಮ್ ಓದಿ ನೋಡಿದಾಗ, ಜಗತ್ತನ್ನು ಬೆಚ್ಚಿಸಿದ ಯುಜಿ99 ಪಂಗಡವೇ ಹೀಗೆ ಹುಟ್ಟಿದ್ದೆಂದು ಗೊತ್ತಾಯಿತು. ಅದರ ಒಂದು ಕೋಶಕೇಂದ್ರ, ಆಸ್ಟ್ರೇಲಿಯಾದಲ್ಲಿ 1954ರಲ್ಲಿ ಮೊದಲು ಕಂಡ ಒಂದು ಪಂಗಡದ್ದೇ ಆಗಿತ್ತು.

ವೈವಿಧ್ಯ ಹುಟ್ಟುವುದು ಶಿಲೀಂಧ್ರದಲ್ಲಿ. ಆದರೆ ಅದರಲ್ಲಿ ಯಾವುದು ಉಳಿದು ಬೆಳೆಯಬೇಕು ಎಂದು ತೀರ್ಮಾನಿಸುವುದು ಹೊಲದಲ್ಲಿ ನಾವು ಬಿತ್ತಿದ್ದು. ಈ ಮಾತಿಗೆ ಪುರಾವೆ ಬೇಕಾದಷ್ಟಿದೆ. ಸಿರಿಸ್ ಎಂಬ ನಿರೋಧಕ ತಳಿ 1926ರಲ್ಲಿ ಉತ್ತರ ಡಕೋಟದಲ್ಲಿ ಬಿಡುಗಡೆಯಾಗಿ ಬಯಲು ತುಂಬಿತು. 1928ರಲ್ಲಿ ಮೊದಲ ಸಲ ಕಂಡ 56ನೇ ಪಂಗಡಕ್ಕೆ ಅದನ್ನು ಮುರಿಯುವ ಶಕ್ತಿಯಿತ್ತು. 1935ರ ಬೇಸಗೆಯಲ್ಲಿ ಉತ್ತರ ಡಕೋಟ, ಮಿನೆಸೋಟಗಳ ಗೋಧಿಯಲ್ಲಿ ಅರ್ಧಕ್ಕೂ ಹೆಚ್ಚು ನಾಶವಾಯಿತು. ಆಮೇಲೆ ಬಂದ ತಳಿಗಳನ್ನು 15ಬಿ ಪಂಗಡ ಹಿಡಿಯಿತು; 1939ರಲ್ಲಿ ಬಾರ್ಬೆರಿಯ ಬಳಿ ಕಂಡಿದ್ದ ಅದು 1950ರಲ್ಲಿ ಒಮ್ಮೆಲೇ ಹಬ್ಬಿ, 1954ರಲ್ಲಿ ಅಲ್ಲಿನ ಡ್ಯೂರಮ್ ಗೋಧಿಯ ಸುಮಾರು ಮುಕ್ಕಾಲು ಪಾಲನ್ನು ನುಂಗಿತು. ಆಸ್ಟ್ರೇಲಿಯಾದಲ್ಲಿ 1938ರಲ್ಲಿ ಬಂದ ಯುರೇಕಾ ತಳಿಯ ನಿರೋಧ 1942ರಲ್ಲಿ ಮುರಿಯಿತು. ಕೀನ್ಯಾದಲ್ಲಿ ಎಸ್‌ಆರ್24 ಜೀನ್ ಇದ್ದ ಒಂದು ತಳಿ ದೇಶದ ಗೋಧಿ ಭೂಮಿಯ ಸುಮಾರು ಮೂರನೇ ಒಂದು ಭಾಗಕ್ಕೆ ಹಬ್ಬಿತ್ತು. 2006ರಲ್ಲಿ ಯುಜಿ99 ವಂಶದಲ್ಲಿ ಆ ಜೀನನ್ನು ಮುರಿಯುವ ಮರಿ ಪತ್ತೆಯಾಗಿ, ಮರುವರ್ಷವೇ ಆ ತಳಿ ರೋಗಕ್ಕೆ ಬಲಿಯಾಯಿತು.

ನಮ್ಮ ದೇಶದ ಕಥೆಯೂ ಬೇರೆಯಲ್ಲ. 1995ರಲ್ಲಿ ಬಿಡುಗಡೆಯಾದ ಪಿಬಿಡಬ್ಲ್ಯು 343 ಉತ್ತರದ ಬಯಲಿನಲ್ಲಿ 60 ಲಕ್ಷ ಹೆಕ್ಟೇರಿಗೂ ಮೀರಿ ಹಬ್ಬಿತು. ರೈತರು ಅದನ್ನು ಮೆಚ್ಚಿದ್ದರಲ್ಲಿ ತಪ್ಪೇನಿಲ್ಲ, ಒಳ್ಳೆಯ ತಳಿ. ಆದರೆ ಅಷ್ಟು ನೆಲದಲ್ಲಿ ಒಂದೇ ಜೀನ್ ಗುಂಪು ನಿಂತಿದ್ದರಿಂದ ಅದನ್ನು ಮುರಿಯಬಲ್ಲ ಒಂದೇ ಒಂದು ಬೀಜಾಣುವಿಗೆ ಸಿಗುವ ಬಹುಮಾನ ಊಹೆಗೂ ಮೀರಿತ್ತು. 2001ರಲ್ಲಿ ಪಂಜಾಬಿನ ಬಟಾಲಾ ಬಳಿ ಹಳದಿ ತುಕ್ಕಿನ ಅಂಥ ಪಂಗಡ ಸಿಕ್ಕಿತು. ಒಂದು ದಶಕದೊಳಗೆ ಹಿಮಾಲಯದ ತಪ್ಪಲಿನ ಜಿಲ್ಲೆಗಳ ಹೊಲಗಳು ಹಳದಿಯಾದವು.

ಸವೆದುಹೋದ ಜೀನನ್ನು ಸ್ವಲ್ಪ ಕಾಲ ಪಕ್ಕಕ್ಕಿಟ್ಟರೆ ಅದು ತಾನಾಗಿ ಚೇತರಿಸಿಕೊಳ್ಳುವುದಿಲ್ಲವೇ? ದಕ್ಷಿಣ ಆಫ್ರಿಕಾದ ವಾನ್‌ಡರ್‌ಪ್ಲಾಂಕ್ 1960ರ ದಶಕದಲ್ಲಿ ಇಂಥ ವಾದ ಹೂಡಿದರು. ಬೇಡದ ಶಕ್ತಿಯನ್ನು ಹೊತ್ತಿರುವುದು ಶಿಲೀಂಧ್ರಕ್ಕೆ ಭಾರ. ಅದು ಗುರಿಯಿಟ್ಟ ತಳಿ ಹೊಲದಿಂದ ಮರೆಯಾದರೆ ಆ ಪಂಗಡವೂ ಹಿಂದೆ ಸರಿಯುತ್ತದೆ ಎಂದರು. ಯುರೇಕಾ ಬಿತ್ತನೆ ಕಡಿಮೆಯಾದ ಮೇಲೆ ಅದನ್ನು ಮುರಿದ ಪಂಗಡವೂ ಕಡಿಮೆಯಾದದ್ದು ಅವರ ಮಾತಿಗೆ ಒತ್ತಾಸೆಯಾಗಿತ್ತು. ಆದರೆ ಎಲ್ಲ ಕಡೆ ಹೀಗೆ ಆಗಿಲ್ಲ. ಯಾವ ಉಪಯೋಗವೂ ಕಾಣದ ಹತ್ತಾರು ಶಕ್ತಿಗಳನ್ನು ಹೊತ್ತುಕೊಂಡೇ ದಶಕಗಟ್ಟಲೆ ಬಲವಾಗಿ ಬಾಳಿದ ಪಂಗಡಗಳಿವೆ. ಕಳೆದುಕೊಂಡ ಪ್ರೋಟೀನ್ ಶಿಲೀಂಧ್ರಕ್ಕೆ ಎಷ್ಟು ಬೇಕಾದದ್ದು ಎಂಬುದರ ಮೇಲೆ ಅದು ತೆರುವ ಬೆಲೆ ನಿಂತಿದೆ. ಕೆಲವದಕ್ಕೆ ಬೆಲೆಯೇ ಇಲ್ಲ. ಹಾಗಾಗಿ ಕಾಲವೇ ಎಲ್ಲ ಸರಿಮಾಡುತ್ತದೆ ಎಂಬ ಭರವಸೆಯ ಮೇಲೆ ನೀತಿ ಕಟ್ಟಲಾಗದು.

ಕಂಡ ಶತ್ರುವಿಗೆ ಮಾತ್ರ ಸಿದ್ಧವಾಗುವುದೂ ಅಷ್ಟೇ ಅಪಾಯಕಾರಿ. ರೈ ಧಾನ್ಯದಿಂದ ಗೋಧಿಗೆ ಬಂದ ಎಸ್‌ಆರ್31 ಜೀನ್ ಮೂರು ದಶಕಗಳ ಕಾಲ ಜಗತ್ತಿನ ಗೋಧಿಯನ್ನು ಕಾಂಡದ ತುಕ್ಕಿನಿಂದ ಕಾಯಿತು. 1998ರ ಕೊನೆಯಲ್ಲಿ ಉಗಾಂಡದಲ್ಲಿ ಸಂಗ್ರಹಿಸಿದ ಮಾದರಿಯೊಂದು ಅದನ್ನು ಮುರಿಯಿತು, ಅದೇ ಯುಜಿ99. ಕೀನ್ಯಾ, ಇಥಿಯೋಪಿಯ ದಾಟಿ 2006ರಲ್ಲಿ ಯೆಮನ್, 2007ರಲ್ಲಿ ಇರಾನ್ ಮುಟ್ಟಿತು. ಭಾರತದಲ್ಲಿ ಅದು ಕಂಡಿಲ್ಲ. ತೊಂಬತ್ತು ದಾಟಿದ್ದ ಬೋರ್ಲಾಗ್ 2005ರಲ್ಲಿ ಎಚ್ಚರಿಕೆ ಕೂಗಿದ ಮೇಲೆ ಹಲವು ದೇಶಗಳು ತಮ್ಮ ತಳಿಗಳನ್ನು ಕೀನ್ಯಾದ ಎನ್‌ಜೋರೊಗೆ ಕಳಿಸಿ ಪರೀಕ್ಷಿಸತೊಡಗಿದವು, ನಮ್ಮವೂ ಹೋದವು. ಇಥಿಯೋಪಿಯದಲ್ಲಿ ಯುಜಿ99ಗೆ ಜಗ್ಗದ ಡಿಗೇಲು ತಳಿಯನ್ನು ವಿಶಾಲವಾಗಿ ಹಂಚಲಾಯಿತು. 2013ರ ಕೊನೆಯಲ್ಲಿ ಯುಜಿ99 ವಂಶಕ್ಕೆ ಸೇರದ ಬೇರೊಂದು ಪಂಗಡ ಬಂದು ಹತ್ತು ಸಾವಿರ ಹೆಕ್ಟೇರಿಗೂ ಹೆಚ್ಚು ಡಿಗೇಲುವನ್ನು ಬಹುತೇಕ ಪೂರ್ತಿಯಾಗಿ ತೆಗೆದುಹಾಕಿತು. ಅದೇ ವರ್ಷ, ಸುಮಾರು ಅರವತ್ತು ವರ್ಷಗಳಿಂದ ಕಾಂಡದ ತುಕ್ಕು ಕಾಣದಿದ್ದ ಇಂಗ್ಲೆಂಡಿನ ಸಫೋಕ್‌ನಲ್ಲಿ ಒಂದೇ ಒಂದು ಗಿಡದ ಮೇಲೆ ಇದೇ ಬಗೆಯದು ಸಿಕ್ಕಿತು. ಎಲ್ಲರ ಕಣ್ಣೂ ಒಂದೇ ಬಾಗಿಲಿನ ಮೇಲಿದ್ದಾಗ ಇನ್ನೊಂದು ಬಾಗಿಲು ತೆರೆದಿತ್ತು.

ನನ್ನ ವಾದಕ್ಕೆ ಎರಡು ಕಡೆಯಿಂದ ಆಕ್ಷೇಪ ಬರಬಹುದು. ಒಂದು, ವಿಜ್ಞಾನದ ಮೇಲೆ ಪೂರ್ಣ ಭರವಸೆ ಇಟ್ಟವರದು: ಒಂದು ಜೀನ್ ಹೋದರೆ ಇನ್ನೊಂದು ತಂದರಾಯಿತು, ಜೀನ್‌ಗಳನ್ನು ಬೇರ್ಪಡಿಸಿ ಓದುವ ಕಾಲ ಇದು. ನಿಜ, ಹಿಂದೆಂದೂ ಇಲ್ಲದಷ್ಟು ಸಲಕರಣೆ ಈಗ ಕೈಯಲ್ಲಿದೆ. ಆದರೆ ಒಂದು ತಳಿ ಹುಟ್ಟಿ, ಪರೀಕ್ಷೆಗಳನ್ನು ದಾಟಿ, ಬೀಜವಾಗಿ ರೈತರನ್ನು ತಲುಪಲು ಹತ್ತು ವರ್ಷದ ಹತ್ತಿರ ಹಿಡಿಯುತ್ತದೆ. ಯುರೇಕಾ ನಿಂತದ್ದು ನಾಲ್ಕು ವರ್ಷ. ಕಟ್ಟುವುದಕ್ಕೆ ಬೇಕಾದ ಕಾಲ ಕೆಡವುವುದಕ್ಕೆ ಬೇಕಾದ ಕಾಲಕ್ಕಿಂತ ಹೆಚ್ಚಾದಾಗ ಈ ಓಟದಲ್ಲಿ ಗೆಲ್ಲುತ್ತೇವೆಂದು ಹೇಳುವುದು ಲೆಕ್ಕ ಬಾರದ ಮಾತು. ಕಾಡುಗೋಧಿ, ರೈ, ಹುಲ್ಲುಗಳಿಂದ ತರಬಹುದಾದ ಜೀನ್‌ಗಳೂ ಅಕ್ಷಯವಲ್ಲ. ಅವುಗಳ ಜೊತೆಗೆ ಇಳುವರಿ ತಗ್ಗಿಸುವ ಬೇಡದ ಸಾಮಾನೂ ಬರುತ್ತದೆ. ಔಷಧ ಹೊಡೆದರಾಯಿತು ಎಂಬುದೂ ಅರ್ಧ ಉತ್ತರ. ಪ್ರೊಪಿಕೊನಜೋಲ್‌ನಂಥ ಶಿಲೀಂಧ್ರನಾಶಕಗಳು ಹೊತ್ತಿಗೆ ಸಿಕ್ಕರೆ ಕೆಲಸ ಮಾಡುತ್ತವೆ. ಆದರೆ ಮಳೆಯಾಶ್ರಿತ ಎರೆಭೂಮಿಯಲ್ಲಿ ಹಿಂಗಾರಿನ ಉಳಿದ ತೇವದ ಮೇಲೆ ಗೋಧಿ ಬೆಳೆಯುವವನ ಲೆಕ್ಕಾಚಾರಕ್ಕೆ ಆ ಖರ್ಚು ಕೂಡಿಬರುವುದಿಲ್ಲ.

ಇನ್ನೊಂದು ಆಕ್ಷೇಪ ನಾಟಿ ಬೀಜದ ಅಭಿಮಾನಿಗಳದು: ಹಳೆಯ ತಳಿಗಳಿಗೆ ಈ ಗೋಳಿರಲಿಲ್ಲ, ಆಧುನಿಕ ಬೀಜ ತಂದಿಟ್ಟ ರೋಗ ಇದು. ಇತಿಹಾಸ ಹಾಗೆ ಹೇಳುವುದಿಲ್ಲ. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ನರ್ಮದಾ ಕಣಿವೆಯಲ್ಲಿ ಗೋಧಿಗೆ ಬಡಿದ ತುಕ್ಕಿನ ಹಾವಳಿಯನ್ನು ಕಂಪನಿ ಸರ್ಕಾರದ ಅಧಿಕಾರಿ ಸ್ಲೀಮನ್ ಬರೆದಿಟ್ಟಿದ್ದಾನೆ. 1946–47ರಲ್ಲಿ ಮಧ್ಯಭಾರತದ ಗೋಧಿಯನ್ನು ಕಾಂಡದ ತುಕ್ಕು ಸುಟ್ಟಾಗ ಹಸಿರು ಕ್ರಾಂತಿಗೆ ಇನ್ನೂ ಎರಡು ದಶಕ ಬಾಕಿಯಿತ್ತು. ಹೊಲದಲ್ಲಿದ್ದದ್ದು ಗಿಡ್ಡ ತಳಿಗಳಲ್ಲ. ಹಾಗೆಂದು ನಾಟಿ ತಳಿಗಳ ಬಗ್ಗೆ ಹೇಳುವುದೆಲ್ಲ ಸುಳ್ಳೂ ಅಲ್ಲ. ಖಪ್ಲಿಯನ್ನೇ ನೋಡಿ. ಅದರಲ್ಲಿರುವ ಎಸ್‌ಆರ್13 ಜೀನ್ ಯುಜಿ99ಗೂ ಜಗ್ಗುವುದಿಲ್ಲ. 2017ರಲ್ಲಿ ಆ ಜೀನನ್ನು ಬೇರ್ಪಡಿಸಿ ಓದಲಾಯಿತು. ನಮ್ಮ ಸದಕದ ಬಳಗದ ಬೀಜ ಜಗತ್ತಿನ ಗೋಧಿಗೆ ಕೊಟ್ಟ ದೊಡ್ಡ ಕಾಣಿಕೆ ಇದು. ಆದರೆ ಎಸ್‌ಆರ್13 ಅನ್ನು ಮುರಿಯಬಲ್ಲ ಪಂಗಡ ಇಥಿಯೋಪಿಯದಲ್ಲಿ ಆಗಲೇ ಇದೆ. ಸದಕವೂ ಮಂತ್ರದಂಡವಲ್ಲ, ಭಂಡಾರ. ಭಂಡಾರವನ್ನು ಕಾಪಾಡಬೇಕಾದದ್ದು ಅದು ಅಜೇಯ ಎಂಬ ನಂಬಿಕೆಯಿಂದಲ್ಲ. ಅದರಲ್ಲಿ ಬೇರೆಲ್ಲೂ ಇಲ್ಲದ ಸರಕು ಇದೆ ಎಂಬ ಕಾರಣಕ್ಕೆ.

ಹಾಗಾದರೆ ಬಾಳಿಕೆ ಬರುವ ನಿರೋಧ ಎನ್ನುವುದೇ ಇಲ್ಲವೇ? ಇದೆ, ಆದರೆ ನಾವು ಅದನ್ನು ಮೆಚ್ಚುವುದಿಲ್ಲ. ದಕ್ಷಿಣ ಡಕೋಟದ ಎಡ್ಗರ್ ಮೆಕ್‌ಫ್ಯಾಡನ್ ರಷ್ಯಾ ಮೂಲದ ಎಮ್ಮರ್ ಗೋಧಿಯಿಂದ 1920ರ ದಶಕದಲ್ಲಿ ಹೋಪ್ ತಳಿಗೆ ತಂದ ಎಸ್‌ಆರ್2 ಜೀನ್ ಇಂದಿಗೂ ಕೆಲಸ ಮಾಡುತ್ತಿದೆ. ಎಲೆ ತುಕ್ಕು, ಹಳದಿ ತುಕ್ಕುಗಳಿಗೆ ಎಲ್‌ಆರ್34 ಇಂಥದೇ ಇನ್ನೊಂದು. ಇವು ರೋಗವನ್ನು ತಡೆದು ನಿಲ್ಲಿಸುವುದಿಲ್ಲ, ನಿಧಾನಗೊಳಿಸುತ್ತವೆ. ಬೊಕ್ಕೆ ಕಡಿಮೆ, ಚಿಕ್ಕದು, ತಡವಾಗಿ ಬರುತ್ತದೆ. ಪೈರು ಮಾಗುವ ಹೊತ್ತಿಗೆ ರೋಗ ಇನ್ನೂ ದಾರಿಯಲ್ಲೇ ಇರುತ್ತದೆ. ಎಲ್ಲ ಪಂಗಡಗಳೂ ಅಷ್ಟಿಷ್ಟು ಬದುಕಿಕೊಳ್ಳುವುದರಿಂದ ಒಂದೇ ಪಂಗಡಕ್ಕೆ ಭಾರಿ ಬಹುಮಾನ ಸಿಗುವುದಿಲ್ಲ. ಎಸ್‌ಆರ್2 ಒಂಟಿಯಾಗಿದ್ದರೆ ಕೆಟ್ಟ ವರ್ಷದಲ್ಲಿ ಸಾಲದು. ಇಂಥ ನಾಲ್ಕೈದು ಸಣ್ಣ ಜೀನ್‌ಗಳು ಒಟ್ಟುಗೂಡಿದರೆ ಹೊಲ ಹೆಚ್ಚುಕಡಿಮೆ ಸ್ವಚ್ಛವಾಗಿಯೇ ಉಳಿಯುತ್ತದೆ. ತೊಡಕು ಇರುವುದು ನಮ್ಮ ಕಣ್ಣಿನಲ್ಲಿ. ಪರೀಕ್ಷಾ ತಾಕಿನಲ್ಲಿ ಒಂದೂ ಬೊಕ್ಕೆ ಇಲ್ಲದ ಸಾಲು ಎಲ್ಲರಿಗೂ ಚಂದ ಕಾಣುತ್ತದೆ. ಅಲ್ಲಲ್ಲಿ ಚುಕ್ಕೆಯಿದ್ದು ತುಂಬು ಕಾಳು ಕೊಡುವ ಸಾಲು ಸೋತಂತೆ ಕಾಣುತ್ತದೆ. ಒಂದೇ ದೊಡ್ಡ ಜೀನಿನ ಹೊಳಪು ಹಲವು ಸಲ ನಾಲ್ಕಾರು ವರ್ಷದಲ್ಲೇ ಮಾಸುತ್ತದೆ, ಚುಕ್ಕೆಯ ಸಾಲು ನಲವತ್ತು ವರ್ಷ ಬಾಳಬಹುದು. ಆಯ್ಕೆಯ ಅಂಕಪಟ್ಟಿಯಲ್ಲಿ ಬಾಳಿಕೆಗೂ ಅಂಕ ಬೀಳದೆ ಇದು ಬದಲಾಗದು.

ಕರ್ನಾಟಕಕ್ಕೆ ಈ ಚರ್ಚೆಯಲ್ಲಿ ತನ್ನ ಪಾಲಿಗಿಂತ ದೊಡ್ಡ ಹೊಣೆಯಿದೆ. ದೇಶದ ಗೋಧಿಯಲ್ಲಿ ನಮ್ಮದು ಸಣ್ಣ ಭಾಗ: ಧಾರವಾಡ, ಬೆಳಗಾವಿ, ಗದಗ, ಬಾಗಲಕೋಟೆ, ವಿಜಯಪುರಗಳ ಹಿಂಗಾರು. ಆದರೆ ಅದು ತುಕ್ಕು ಸಾಗುವ ದಾರಿಯ ಮೇಲೆ ಕೂತಿದೆ. ಆಗ್ರಾದ ಕರಮ್ ಚಂದ್ ಮೆಹ್ತಾ ದಶಕಗಟ್ಟಲೆ ದುಡಿದು ಒಂದು ಸಂಗತಿಯನ್ನು ಸ್ಪಷ್ಟಪಡಿಸಿದರು: ಬಯಲಿನ ಬೇಸಗೆಯ ಬಿಸಿಗೆ ಬೀಜಾಣುಗಳು ಸಾಯುತ್ತವೆ, ಭಾರತದಲ್ಲಿ ಬಾರ್ಬೆರಿಯ ಪಾತ್ರವೂ ಇಲ್ಲ, ತುಕ್ಕು ಉಳಿಯುವುದು ಬೆಟ್ಟಗಳಲ್ಲಿ. ಎಸ್. ನಾಗರಾಜನ್, ಎಲ್.ಎಂ. ಜೋಶಿ ಮೊದಲಾದವರು ದಕ್ಷಿಣದ ಚಿತ್ರವನ್ನು ಪೂರ್ಣಗೊಳಿಸಿದರು. ನೀಲಗಿರಿ, ಪಳನಿ ಬೆಟ್ಟಗಳಲ್ಲಿ ವರ್ಷವಿಡೀ ಸಿಗುವ ಗೋಧಿಯ ಮೇಲೆ ಉಳಿದ ಕಾಂಡದ ತುಕ್ಕು, ಹಿಂಗಾರಿನ ಆರಂಭದ ಚಂಡಮಾರುತಗಳ ಗಾಳಿ ಹಿಡಿದು ಬಡಗಣಕ್ಕೆ ಹೊರಟು, ಮಳೆಯೊಂದಿಗೆ ದಖನ್ ಮತ್ತು ಮಧ್ಯಭಾರತದ ಎಳೆಯ ಪೈರಿನ ಮೇಲೆ ಇಳಿಯುತ್ತದೆ. ಹೊಸ ಪಂಗಡಗಳು ನಮ್ಮಲ್ಲೇ ಹುಟ್ಟುವುದೂ ಉಂಟು. ಎಸ್‌ಆರ್24 ಮುರಿಯುವ ಪಂಗಡ ಭಾರತದಲ್ಲಿ 1990ರಲ್ಲೇ ವರದಿಯಾಯಿತು. ಕೀನ್ಯಾದಲ್ಲಿ ಅದೇ ಜೀನ್ ಬೇರೊಂದು ವಂಶದ ಕೈಯಲ್ಲಿ ಮುರಿದದ್ದು ಹದಿನಾರು ವರ್ಷದ ನಂತರ. 2009ರಲ್ಲಿ ಭಾರತದಲ್ಲೇ ಎಸ್‌ಆರ್25ರ ಸರದಿ ಬಂತು. ಹೊರಗಿನಿಂದ ಬರುವುದಕ್ಕಾಗಿ ಮಾತ್ರ ಕಾಯುತ್ತ ಕೂತರೆ ಒಳಗೇ ಹುಟ್ಟುವುದನ್ನು ಕಾಣುವುದಿಲ್ಲ.

ಈ ಭೂಗೋಳವೇ ಒಂದು ಪರಿಹಾರವನ್ನೂ ಸೂಚಿಸುತ್ತದೆ. ಬೆಟ್ಟದಲ್ಲಿ ಬಿತ್ತುವ ತಳಿಗಳ ಜೀನ್‌ಗಳು ಬೇರೆ, ಧಾರವಾಡದ ಬಯಲಿನವು ಬೇರೆ, ನರ್ಮದೆಯಾಚಿನವು ಬೇರೆ ಎಂದು ಹಂಚಿಕೆಯಾದರೆ ಒಂದು ಕಡೆ ಗೆದ್ದ ಪಂಗಡ ಮುಂದಿನ ನಿಲ್ದಾಣದಲ್ಲಿ ಸೋಲುತ್ತದೆ. ಸಸ್ಯರೋಗ ತಜ್ಞರು ಇದನ್ನು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಒಂದೇ ಹೊಲದಲ್ಲಿ ನೋಟಕ್ಕೆ ಒಂದೇ ಆದರೂ ನಿರೋಧಕ ಜೀನ್ ಬೇರೆ ಬೇರೆಯಿರುವ ಸಾಲುಗಳನ್ನು ಬೆರೆಸಿ ಬಿತ್ತುವ ಪ್ರಯೋಗವೂ ನಮಗೆ ಹೊಸದಲ್ಲ. ಕಲ್ಯಾಣಸೋನಾ ಎಂಬ ತಳಿ ಎಲೆ ತುಕ್ಕಿಗೆ ಸೋತ ಮೇಲೆ ಅದರ ಇಂಥ ಬಹುಸಾಲಿನ ತಳಿಗಳನ್ನು ಬಿಡುಗಡೆ ಮಾಡಲಾಗಿತ್ತು. ಅವು ಹೆಚ್ಚು ಹಬ್ಬಲಿಲ್ಲ. ಬೀಜೋತ್ಪಾದನೆಗೆ ಒಂದೇ ಬಗೆಯದು ಸುಲಭ, ಮಾರಾಟಕ್ಕೆ ಒಂದೇ ಹೆಸರು ಸುಲಭ. ಈ ಸುಲಭದ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆ ಮಾತ್ರ ಯಾರ ಕಡತದಲ್ಲೂ ಇಲ್ಲ.

ಆದ್ದರಿಂದ ಬೇಕಾದದ್ದು ನಾಲ್ಕು. ಪ್ರತಿ ತಳಿಯ ಜೊತೆಗೆ ಅದು ಯಾವ ಜೀನ್‌ಗಳ ಮೇಲೆ ನಿಂತಿದೆ, ಯಾವ ವರ್ಷದ ಯಾವ ಪಂಗಡಗಳ ಮುಂದೆ ಪರೀಕ್ಷೆಯಾಗಿದೆ ಎಂಬುದನ್ನು ಬರೆಯಬೇಕು. ರೈತನಿಗೆ ಅರ್ಥವಾಗುವುದಿಲ್ಲ ಎನ್ನುವುದು ನೆಪ, ಕೀಟನಾಶಕದ ಡಬ್ಬಿಯ ಮೇಲಿನ ಅವಧಿ ದಿನಾಂಕ ಅವನಿಗೆ ಅರ್ಥವಾಗುತ್ತದೆ. ಒಂದೇ ದೊಡ್ಡ ಜೀನನ್ನು ಒಂಟಿಯಾಗಿ ಹೊಲಕ್ಕೆ ಬಿಡಬಾರದು. ಜೋಡಿ ಅಥವಾ ಮೂರರ ಗುಂಪಿನಲ್ಲಿ, ನಿಧಾನಗೊಳಿಸುವ ಜೀನ್‌ಗಳ ಆಸರೆಯೊಂದಿಗೆ ಬಿಡಬೇಕು. ಒಂದು ತಳಿ ಒಂದು ವಲಯದಲ್ಲಿ ಎಷ್ಟು ಭಾಗ ಆವರಿಸಬಹುದು ಎಂಬುದಕ್ಕೆ ಮಿತಿ ಇರಬೇಕು. ರೈತನ ಮೇಲೆ ಕಾನೂನು ಹೇರಿ ಅಲ್ಲ, ಸರ್ಕಾರ ತಾನೇ ಹಂಚುವ ಬೀಜ ಮತ್ತು ರಿಯಾಯಿತಿಗಳನ್ನು ಹಲವು ತಳಿಗಳಿಗೆ ಹರಡುವ ಮೂಲಕ. ನಾಲ್ಕನೆಯದಾಗಿ, ಕಾವಲು. ಶಿಮ್ಲಾದ ಫ್ಲವರ್‌ಡೇಲ್ ಕೇಂದ್ರದಲ್ಲಿ ದೇಶದ ತುಕ್ಕಿನ ಪಂಗಡಗಳನ್ನು ಜೀವಂತವಾಗಿಟ್ಟು ಪ್ರತಿ ವರ್ಷ ಮಾದರಿಗಳನ್ನು ಓದುತ್ತಾರೆ. ನೀಲಗಿರಿಯ ವೆಲಿಂಗ್ಟನ್ ಕೇಂದ್ರದ ತಾಕುಗಳು ದಕ್ಷಿಣದ ಮುನ್ಸೂಚನೆ ಕೊಡುತ್ತವೆ. ರೋಗ ಬಾರದ ವರ್ಷದಲ್ಲಿ ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ರೋಗ ಬಾರದಿರಲು ಅದೂ ಒಂದು ಕಾರಣ ಎಂಬುದು ಲೆಕ್ಕಪತ್ರದಲ್ಲಿ ಕಾಣುವುದಿಲ್ಲ. ಹೀಗಾಗಿ ಕತ್ತರಿ ಬೀಳುವುದು ಮೊದಲು ಇಲ್ಲಿಗೇ.

ತಳಿ ಗೆದ್ದಾಗ ಹೆಸರು ಅದನ್ನು ಕಟ್ಟಿದವರಿಗೆ, ಲಾಭ ಮಾರಿದವರಿಗೆ, ಅಂಕಿಅಂಶ ಇಲಾಖೆಗೆ. ಅದೇ ತಳಿ ತುಕ್ಕಿಗೆ ಸೋತಾಗ ನಷ್ಟವೆಲ್ಲ ಬೆಳೆದವನದು. ಅವನು ಶಿಫಾರಸು ಮಾಡಿದ ಬೀಜವನ್ನೇ ಶಿಫಾರಸು ಮಾಡಿದ ಹೊತ್ತಿನಲ್ಲೇ ಬಿತ್ತಿದ್ದ. ಶಿಲೀಂಧ್ರ ಬದಲಾಗುವುದನ್ನು ನಿಲ್ಲಿಸಲು ಯಾರಿಂದಲೂ ಸಾಧ್ಯವಿಲ್ಲ; ಬದಲಾವಣೆಯ ಬೆಲೆಯನ್ನು ಯಾರ ಮೇಲೆ ಹೊರಿಸಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ತಳಿಯೊಂದು ಬಿಡುಗಡೆಯಾಗುವ ದಿನವೇ ಅದರ ಉತ್ತರಾಧಿಕಾರಿಯ ಕೆಲಸಕ್ಕೂ, ನಡುವೆ ಕಾವಲು ಕಾಯುವ ಕೇಂದ್ರಗಳಿಗೂ ಹಣ ತೆಗೆದಿಡುವ ಸರ್ಕಾರ ಆ ಬೆಲೆಯನ್ನು ಎಲ್ಲರಿಗೂ ಹಂಚುತ್ತದೆ. ತೆಗೆದಿಡದ ಸರ್ಕಾರ ಅದನ್ನು ಒಬ್ಬನ ಹೊಲದಲ್ಲಿ ವಸೂಲು ಮಾಡುತ್ತದೆ.